ನೀಲಿ ಪಟ್ಟೆಯ ಬಳೆ

"ಅವ್ವಾ, ಹೆಸರು ಕೆಟ್ಟ ಮನೆಯವರು ಮಾಡಿಕೊಟ್ಟದ್ದನ್ನು ದೇವರ ಗಿಡದಿಂದ ತೆಗೆದುಹಾಕಿದರೆ ತಪ್ಪೇ?"

ಕೇಳಿದವಳು ಕೃಪಾವತಿ, ಮಾರ್ಥವ್ವನ ಬಳಿ ವೇದಪಾಠ ಕಲಿಯುವ ಹುಡುಗಿ. ಆ ವರ್ಷ ದೇವಾಲಯದ ಕ್ರಿಸ್ಮಸ್ ಗಿಡದ ಸಿಂಗಾರ ಅವಳ ಪಾಲಿಗೆ ಬಂದಿತ್ತು. ಒಂದು ಕೈಯಲ್ಲಿ ಕತ್ತರಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ, ಗಿಡಕ್ಕೆ ತೂಗುಹಾಕಿದ್ದ ತೆಂಗಿನ ಗರಿಯ ನಕ್ಷತ್ರದ ದಾರ. ಆ ನಕ್ಷತ್ರ ಹೆಣೆದ ಮನೆಯ ಮಗಳು ಹಿಂದಿನ ತಿಂಗಳು ಓಡಿಹೋಗಿದ್ದಳು. ಯಾರ ಜೊತೆ ಎಂಬುದು ಓಡಿದವಳಿಗಿಂತ ಊರಿಗೇ ಚೆನ್ನಾಗಿ ಗೊತ್ತಿತ್ತು.

ಮಾರ್ಥವ್ವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕತ್ತರಿ ಕೆಳಗಿಟ್ಟು ಕುಳಿತುಕೋ ಎಂದಳು. ಕುಳಿತ ಮೇಲೆ ಕತೆ ಹೇಳಿದಳು.

ಒಂದು ಊರಿನಲ್ಲಿ ಒಂದು ಸಭೆ ಇತ್ತು. ದೊಡ್ಡ ಸಭೆಯಲ್ಲ. ಒಂದು ಮನೆಯಲ್ಲಿ ಸಾರು ಹೊತ್ತಿದರೆ ಎಲ್ಲ ಮನೆಯವರ ಮೂಗಿಗೂ ಗೊತ್ತಾಗುವಷ್ಟು ಚಿಕ್ಕದು. ಕ್ರಿಸ್ಮಸ್ಸಿಗೆ ಅವರು ಸರ್ವೆ ಮರದ ಕೊಂಬೆ ಕಡಿದು ತಂದು ದೇವಾಲಯದಲ್ಲಿ ನೆಡುವರು. ಅಂಗಡಿಯಲ್ಲಿ ಕೊಂಡದ್ದು ಅದಕ್ಕೆ ಸಲ್ಲದು, ಎಲ್ಲವೂ ಕೈಯಿಂದಲೇ ಆಗಬೇಕು. ಸಿಂಗಾರಕ್ಕೆ ವರ್ಷಕ್ಕೊಂದು ವಿಷಯ. ಒಮ್ಮೆ ಪಾರಿವಾಳ, ಒಮ್ಮೆ ದೀಪ. ಆ ವರ್ಷ 'ಒಂದೇ ಮನೆ' ಎಂದು ಗೊತ್ತುಮಾಡಿದರು. ಗೊತ್ತುಮಾಡಿದವಳು ಒಬ್ಬ ವರ್ತಕನ ಹೆಂಡತಿ. ವರ್ತಕ ಆ ಸಭೆಗೆ ಹಿರಿಯ. ಅವಳು ಹಿರಿಯನಿಗೂ ಹಿರಿಯಳು.

ಮನೆಗೊಂದು ಬಟ್ಟೆಯ ತುಂಡು. ಆ ಮನೆಯ ಪೆಟ್ಟಿಗೆಯಲ್ಲಿದ್ದದ್ದೇ ಆಗಬೇಕು. ಅದನ್ನು ಗಂಜಿಯಲ್ಲಿ ಅದ್ದಿ ಒಣಗಿಸಿ, ಬಳೆಯ ಹಾಗೆ ಬಗ್ಗಿಸಿ, ಪಕ್ಕದ ಮನೆಯ ಬಳೆಯೊಳಗೆ ತೂರಿಸಿ ಹೊಲಿಯಬೇಕು. ಹೀಗೆ ಬಳೆಗೆ ಬಳೆ ಕೂಡಿ ಒಂದು ಹಾರವಾಗಿ ಗಿಡವನ್ನು ಸುತ್ತಬೇಕು.

ಅಲ್ಲಿ ಇನ್ನೊಂದು ರೂಢಿ ಇತ್ತು. ಆ ವರ್ಷ ಹುಟ್ಟಿದ ಮಗುವನ್ನು ಕ್ರಿಸ್ಮಸ್ ಬೆಳಿಗ್ಗೆ ಗಿಡದ ಬಳಿ ತರುವರು. ಈ ಮಗು ಯಾವ ಮನೆಯದು ಎಂದು ಸಭಾಪಾಲಕರು ಕೇಳುವರು. ತಾಯಿ ಬಾಯಿಂದ ಹೇಳಬಾರದು. ಮಗುವಿನ ಕೈಯನ್ನು ತನ್ನ ಮನೆಯವರು ಮಾಡಿದ್ದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದರೆ ಮಗು ಸಭೆಯದು, ಅದಕ್ಕೆ ದೀಕ್ಷಾಸ್ನಾನ ಉಂಟು. ಇಲ್ಲದಿದ್ದರೆ ಇಲ್ಲ.

ಆ ಸಭೆಯಲ್ಲಿ ಒಬ್ಬ ವಿಧವೆ ಇದ್ದಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಮಡಿಲಲ್ಲಿ ಹಾಲು ಕುಡಿಯುವ ಕೂಸಿತ್ತು. ಲೆಕ್ಕ ಬಾರದವರೂ ಆ ವರ್ಷ ಲೆಕ್ಕ ಕಲಿತರು. ನೀರು ಸೇದುವಲ್ಲಿ ಒಬ್ಬನ ಹೆಸರು, ಹಿಟ್ಟು ಬೀಸುವಲ್ಲಿ ಇನ್ನೊಬ್ಬನ ಹೆಸರು. ದೇವಾಲಯದ ಗಂಟೆ ಹೊಡೆಯುವ ಮುದುಕನನ್ನೂ ಬಿಡಲಿಲ್ಲ, ಅವನಿಗೆ ಗಂಟೆಯ ಹಗ್ಗ ಎಳೆಯುವುದೇ ಕಷ್ಟವಾಗಿತ್ತು. ವಿಧವೆ ಮಾತ್ರ ಯಾರ ಹೆಸರನ್ನೂ ಹೇಳಲಿಲ್ಲ. ಬೈದು ಕೇಳಿದವರಿಗೂ ಹೇಳಲಿಲ್ಲ, ಕಣ್ಣೀರು ಒರೆಸಿ ಕೇಳಿದವರಿಗೂ ಹೇಳಲಿಲ್ಲ.

ಅವಳೂ ಒಂದು ಬಳೆ ಮಾಡಿ ತಂದಳು. ತನ್ನ ಮದುವೆಯ ಬಿಳಿ ಸೀರೆಯ ಅಂಚು. ಹೆಂಗಸರು ಅದನ್ನು ತಿರುವಿ ಮುರುವಿ ನೋಡಿದರು, ಯಾವನಾದರೂ ಗಂಡಸಿನ ಪಂಚೆಯ ನೂಲು ಸಿಕ್ಕೀತೇ ಎಂದು. ಸಿಗಲಿಲ್ಲ. ಹಾರಕ್ಕೆ ಸೇರಿಸಿಕೊಂಡರು. ಸತ್ತ ಗಂಡನ ಮನೆಯ ಹೆಸರಿನಲ್ಲಿ ಮಗು ಸಭೆಗೆ ಸೇರಲಿ, ಮಿಕ್ಕದ್ದು ತನ್ನ ಜೊತೆಗೇ ಮಣ್ಣಾಗಲಿ ಎಂಬುದು ಅವಳ ಎಣಿಕೆ.

ಹಬ್ಬದ ಹಿಂದಿನ ದಿನ ವರ್ತಕನ ಹೆಂಡತಿ ಹಾರವನ್ನು ನೋಡುತ್ತ ಬಂದವಳು ಬಿಳಿ ಬಳೆಯ ಹತ್ತಿರ ನಿಂತಳು. ಒಂದೇ ಮನೆ ಎಂದರೆ ಧರ್ಮಛತ್ರವಲ್ಲ ಎಂದಳು. ಕತ್ತರಿ ತರಿಸಿ ಅದನ್ನು ಕತ್ತರಿಸಿದಳು.

ಹಾರ ಎರಡಾಗಿ ನೆಲಕ್ಕೆ ಬಿತ್ತು.

ಇದನ್ನು ಯಾರೂ ಯೋಚಿಸಿರಲಿಲ್ಲ. ಮತ್ತೆ ಕೂಡಿಸಬೇಕಾದರೆ ಆಚೆಯ ಬಳೆಯನ್ನು ಬಿಚ್ಚಬೇಕು, ಇಲ್ಲವೇ ಈಚೆಯದನ್ನು. ಆಚೆಯ ಮನೆಯವಳು ಒಲ್ಲೆನೆಂದಳು. ಈಚೆಯ ಮನೆಯವಳೂ ಒಲ್ಲೆನೆಂದಳು. ಬಿಚ್ಚಿ ಹೊಲಿದ ಗುರುತು ಕಂಡರೆ ನಾಳೆ ತಮ್ಮ ಮನೆಯ ಮೇಲೂ ಮಾತು ಬಂದೀತು. ಮಾತು ಹೇಗೆ ಹುಟ್ಟುತ್ತದೆ ಎಂಬುದನ್ನು ಅವರಿಗಿಂತ ಬಲ್ಲವರು ಯಾರು?

ಆಗ ವರ್ತಕನ ಹೆಂಡತಿ ಮನೆಗೆ ಹೋಗಿ ತನ್ನ ಪೆಟ್ಟಿಗೆ ತೆರೆದಳು. ಅದರಲ್ಲಿ ನೀಲಿ ಪಟ್ಟೆಯ ಒಂದು ತುಂಡು ಇತ್ತು. ವರ್ತಕ ದೂರದ ಪಟ್ಟಣದಿಂದ ತಂದ ಬಟ್ಟೆ. ಅಂಥದ್ದು ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಅಂಗಿ ಹೊಲಿಸಿ ಉಳಿದದ್ದು ಅದು. ಅಂಗಿ ಮಳೆಗಾಲದಲ್ಲೇ ಕಾಣೆಯಾಗಿತ್ತು. ಮಡಿವಾಳ ಕಳೆದ ಎಂದು ವರ್ತಕ ಹೇಳಿದ್ದ. ಮಡಿವಾಳ ಬೀದಿಯಲ್ಲಿ ನಿಂತು ಬೈಸಿಕೊಂಡಿದ್ದ.

ಅವಳು ಆ ತುಂಡನ್ನು ಬಳೆ ಮಾಡಿ ತೆರವಿನಲ್ಲಿಟ್ಟು ತಾನೇ ಹೊಲಿದಳು. ಹಾರ ಒಂದಾಯಿತು. ತಮ್ಮ ಮನೆಯ ರೇಷ್ಮೆಯ ಬಳೆ ಮೊದಲೇ ಇತ್ತು. ಎರಡಿರಲಿ ಬಿಡಿ, ದೇವರಿಗೆ ಕೊಟ್ಟದ್ದು ಎಂದಿಗಾದರೂ ಹೆಚ್ಚಾಗುವುದುಂಟೇ ಎಂದು ಎಲ್ಲರ ಮುಂದೆ ಹೇಳಿಕೊಂಡಳು.

ಬೆಳಿಗ್ಗೆ ದೇವಾಲಯ ತುಂಬಿತು. ಕೆಲವರು ಆರಾಧನೆಗೆ ಬಂದಿದ್ದರು. ಉಳಿದವರು ವಿಧವೆ ಏನು ಮಾಡುತ್ತಾಳೆಂದು ನೋಡಲು ಬಂದಿದ್ದರು. ವರ್ತಕ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಗಿಡವನ್ನು ಒಮ್ಮೆ ನೋಡಿದ. ಮತ್ತೆ ನೋಡಲಿಲ್ಲ.

ಚಳಿ ಇತ್ತು. ವಿಧವೆ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಳು. ಸಭಾಪಾಲಕರು ರೂಢಿಯ ಪ್ರಶ್ನೆ ಕೇಳಿದರು. ಅವಳು ಹಾರವನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. ಬಿಳಿ ಬಳೆ ಇರಲಿಲ್ಲ. ಅದರ ಜಾಗದಲ್ಲಿದ್ದದ್ದನ್ನು ಕಂಡಳು. ಕಂಡು ಮುಖ ತಿರುಗಿಸಿಕೊಂಡಳು.

"ನನ್ನ ಮನೆಯದು ಇಲ್ಲಿಲ್ಲ, ಅಕ್ಕಾವ್ರೇ. ಯಾವುದನ್ನು ಮುಟ್ಟಿಸಲಿ?" ಎಂದು ವರ್ತಕನ ಹೆಂಡತಿಯನ್ನು ಕೇಳಿದಳು.

"ನನ್ನನ್ನೇನು ಕೇಳುತ್ತೀ? ಮಗು ಯಾವ ಮನೆಯದೋ ಆ ಮನೆಯದನ್ನು ಮುಟ್ಟಿಸು." ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದಳು. ಅಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ವಿಧವೆ ಬಾಗಿಲ ಕಡೆ ನೋಡಿದಳು. ಹಿಂದಿರುಗಿ ಹೋದರೆ ಮಗು ಯಾರದೂ ಅಲ್ಲ. ಶಾಲಿನೊಳಗಿಂದ ಮಗುವಿನ ಕೈಯನ್ನು ಹೊರಗೆ ತೆಗೆದಳು. ಆ ಕೈಗೆ ನೀಲಿ ಪಟ್ಟೆಯ ತೋಳಿತ್ತು. ದೊಡ್ಡ ಅಂಗಿಯೊಂದನ್ನು ಕತ್ತರಿಸಿ ಹೊಲಿದ ಪುಟ್ಟ ಅಂಗಿ. ಕೂಸು ಹುಟ್ಟಿದ ದಿನ ಅದನ್ನು ನೋಡಲು ಬಂದವನೊಬ್ಬ ತನ್ನ ಮೈಮೇಲಿನದನ್ನು ಬಿಚ್ಚಿ ಹೊದಿಸಿ ಹೋಗಿದ್ದ. ಮತ್ತೆ ಬಂದಿರಲಿಲ್ಲ. ಬೆಚ್ಚಗಿನದು ಎಂದು ಅವಳ ಮನೆಯಲ್ಲಿದ್ದದ್ದು ಅದೊಂದೇ.

ಕೈಯನ್ನು ನೀಲಿ ಪಟ್ಟೆಯ ಬಳೆಗೆ ಮುಟ್ಟಿಸಿದಳು. ಪಟ್ಟೆಗೆ ಪಟ್ಟೆ ಕೂಡಿತು. ಮಗು ಬಳೆಯನ್ನು ಹಿಡಿದುಕೊಂಡಿತು, ಬಿಡಲಿಲ್ಲ.

ಆ ಸಭೆಯಲ್ಲಿ ಮಾತು ನಿಂತದ್ದು ಅದೇ ಮೊದಲು. ಯಾರು ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಡಿವಾಳ ಒಂದು ಹೆಜ್ಜೆ ಒಳಗೆ ಬಂದು ನೋಡಿ, ತಲೆ ತಗ್ಗಿಸಿ ಹೊರಟುಹೋದ. ಸಭಾಪಾಲಕರು ಮಗುವಿನ ತಲೆಯ ಮೇಲೆ ಕೈಯಿಟ್ಟು ಅದನ್ನು ಸಭೆಗೆ ಸೇರಿಸಿಕೊಂಡರು. ರೂಢಿ ತಪ್ಪದೆ ನಡೆದಿತ್ತು. ವರ್ತಕನ ಹೆಂಡತಿ ಗಂಡನನ್ನು ನೋಡಿದಳು. ಗಂಡ ನೆಲ ನೋಡುತ್ತಿದ್ದ. ಆಮೇಲೆ ಅವಳು ಆ ಬಳೆಯನ್ನು ನೋಡಿದಳು. ಅವಳು ಹಾಕಿದ ಹೊಲಿಗೆ ಭದ್ರವಾಗಿತ್ತು.

ಕತೆ ಮುಗಿಯಿತು. ಮಾರ್ಥವ್ವ ಕನ್ನಡಕ ಒರೆಸಿ ಹಾಕಿಕೊಂಡಳು. ಕೃಪಾವತಿ ಗಿಡದ ಕಡೆ ತಿರುಗಿದಳು. ಗರಿಯ ನಕ್ಷತ್ರ ಗಾಳಿಗೆ ಮೆಲ್ಲನೆ ತಿರುಗುತ್ತಿತ್ತು. ಅದನ್ನು ತೆಗೆಯದಿದ್ದರೆ ಹೆಂಗಸರು ತನ್ನನ್ನು ಸುಮ್ಮನೆ ಬಿಡುವುದಿಲ್ಲ, ಅವರಿಗೆ ಏನು ಹೇಳಲಿ ಎಂದು ಕೇಳಿದಳು.

ಮಾರ್ಥವ್ವ ನೆಲದ ಮೇಲಿದ್ದ ಕತ್ತರಿಯನ್ನು ಎತ್ತಿ ಅವಳ ಕೈಗೇ ಕೊಟ್ಟಳು.

"ಕೀಳಬೇಕೆಂದರೆ ಕಿತ್ತುಬಿಡು, ಮಗಳೇ. ಆದರೆ ಆ ಜಾಗ ತುಂಬಲು ಯಾರ ಮನೆಯ ಪೆಟ್ಟಿಗೆ ತೆರೆಸುತ್ತೀ, ಅದನ್ನು ಮೊದಲು ಹೇಳು."