ಆರು ಗೇಣು ನೆರಳು

ಬೇವಿನ ಮರಕ್ಕೆ ಕಟ್ಟಿದ್ದ ಆಡಿಗೆ ಹಗಲೆಲ್ಲ ನೆರಳು ನೋಡುವುದೇ ಕೆಲಸ. ಮರದ ನೆರಳು ಬಾವಿಕಟ್ಟೆ ಮುಟ್ಟುವ ಹೊತ್ತಿಗೆ ಬಾತುಕೋಳಿ ಕೆರೆಯಿಂದ ಮನೆಗೆ ಬರುವುದು ವಾಡಿಕೆ. ಅಂದು ನೆರಳು ಕಟ್ಟೆ ದಾಟಿ ಆರು ಗೇಣು ಮುಂದೆ ಹೋದರೂ ಅದರ ಸುಳಿವಿಲ್ಲ.

"ನಾಯಣ್ಣ, ಕೆರೆಗೆ ಓಡು. ನನ್ನ ಕೊರಳಿಗೆ ಹಗ್ಗವಿದೆ, ನಿನಗಿಲ್ಲ," ಎಂದಿತು ಆಡು.

ನಾಯಿ ಕಣ್ಣು ತೆರೆಯದೆ ಆಕಳಿಸಿತು. "ಆರು ಗೇಣಿಗೆ ಇಷ್ಟು ರಂಪವೇ ಆಡಕ್ಕ? ನಿನ್ನೆ ಬೆಕ್ಕು ಹತ್ತು ಗೇಣು ತಡವಾಗಿ ಬಂತು. ಆಗ ನೀನು ಮೆಲುಕು ಹಾಕುತ್ತ ಕೂತಿದ್ದೆ."

ಆಡಿಗೆ ಮೈಯೆಲ್ಲ ಉರಿದುಹೋಯಿತು. "ಬೆಕ್ಕಿನ ಲೆಕ್ಕದಲ್ಲಿ ಬಾತನ್ನು ಅಳೀತೀಯಾ, ಸೋಮಾರಿ! ಬೆಕ್ಕು ಒಂದು ದಿನ ಹತ್ತು ಗೇಣು ಮುಂಚೆ, ಇನ್ನೊಂದು ದಿನ ಹತ್ತು ಗೇಣು ತಡ. ಅದಕ್ಕೆ ಹೊತ್ತುಗೊತ್ತೇ ಇಲ್ಲ. ಬಾತು ಹಿಂದುಮುಂದಾದರೆ ಹೆಚ್ಚಾಗಿ ಒಂದು ಗೇಣು. ನೂರು ದಿನದಲ್ಲಿ ತೊಂಬತ್ತೈದು ದಿನ ಎರಡು ಗೇಣಿನೊಳಗೇ ಬಂದಿದೆ, ಮೂರು ದಾಟಿದ್ದನ್ನು ನಾನು ಕಂಡೇ ಇಲ್ಲ. ಅಂಥದ್ದು ಆರು ಗೇಣು ತಪ್ಪಿದೆ ಎಂದರೆ ಅದರ ಜೀವಕ್ಕೇ ಏನೋ ಆಗಿದೆ. ಎದ್ದು ಹೊರಡು!"

ಬೈಗುಳ ತಾಳಲಾರದೆ ನಾಯಿ ಓಡಿತು. ಕೆರೆಯಲ್ಲಿ ಬಾತುಕೋಳಿ ಮೀನಿನ ಬಲೆಗೆ ಸಿಕ್ಕಿ, ಕೊಕ್ಕೊಂದನ್ನೇ ನೀರಿನ ಮೇಲೆ ಎತ್ತಿ ಹಿಡಿದಿತ್ತು. ನಾಯಿ ಬಲೆ ಕಡಿದು ಅದನ್ನು ದಡಕ್ಕೆ ಎಳೆದು ತಂದಿತು.

ಮರುದಿನ ಬೆಕ್ಕು ಆರು ಗೇಣು ತಡವಾಯಿತು. ನಾಯಿ ಎದ್ದೆನೋ ಬಿದ್ದೆನೋ ಎಂದು ಬೀದಿಗೆ ಹಾರಿತು.

"ಎಲ್ಲಿಗೋ?" ಎಂದಿತು ಆಡು.

"ಆರು ಗೇಣು, ಆಡಕ್ಕ! ಆರು!"

"ಬಂದು ಮಲಗೋ ಮಾರಾಯ. ಅದು ಬೆಕ್ಕು."