ಮರುಳನ ಗುಡ್ಡ

ಚಾಮರಾಜನಗರದಿಂದ ಮೂಡಲಿಗೆ ಹೋಗುವ ಬೆಟ್ಟಸಾಲಿನಲ್ಲಿ, ಎಲಚಿಪೋಡೆಂಬ ಊರಿನ ನೆತ್ತಿಗೆ ಸರಿಯಾಗಿ, ಬೋಳು ಬಂಡೆಯ ಒಂದು ಗುಡ್ಡವಿದೆ. ಸುತ್ತಲಿನ ಗುಡ್ಡಗಳೆಲ್ಲ ಬಿದಿರು, ಹೊನ್ನೆ, ಮತ್ತಿಗಳನ್ನು ಹೊದ್ದುಕೊಂಡಿದ್ದರೆ ಇದೊಂದು ಮಾತ್ರ ನೆತ್ತಿಯ ಮೇಲೆ ಹುಲ್ಲಲ್ಲದೆ ಬೇರೇನನ್ನೂ ಬೆಳೆಸಿಕೊಂಡಿಲ್ಲ. ಈಗ ಅಲ್ಲಿಗೆ ಜೀಪು ಹೋಗುತ್ತದೆ. ತುದಿಯಲ್ಲಿ ಕಬ್ಬಿಣದ ಕಟಾಂಜನ ಹಾಕಿದ್ದಾರೆ, ಹಳದಿ ಹಲಗೆಯ ಮೇಲೆ ‘ಮರುಳನ ಗುಡ್ಡ’ ಎಂದು ಬರೆಸಿದ್ದಾರೆ. ಜೀಪು ಓಡಿಸುವವರು ಪ್ರವಾಸಿಗರಿಗೆ, ಹೆಣ್ಣೊಬ್ಬಳ ಮೋಹದಿಂದ ತಲೆಕೆಟ್ಟ ಸೋಲಿಗನೊಬ್ಬ ಇಲ್ಲಿಂದ ಹಾರಿಕೊಂಡನೆಂದು ಹೇಳುತ್ತಾರೆ. ಬಂದವರು ಕಟಾಂಜನದ ಬಳಿ ನಿಂತು ಕೆಳಗೆ ಇಣುಕಿ, ಅಯ್ಯೋ ಪಾಪ ಎಂದು ಫೋಟೋ ತೆಗೆಸಿಕೊಂಡು ಇಳಿದುಹೋಗುತ್ತಾರೆ. ಗುಡ್ಡದ ಬುಡದ ಆಶ್ರಮಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಮೇಷ್ಟರಾಗಿದ್ದೆ. ಮೊದಲ ಒಂಬತ್ತು ವರ್ಷ ನಾನೂ ಆ ಕಥೆಯನ್ನೇ ನಂಬಿದ್ದೆ. ಆಮೇಲೆ ಒಂದು ದಿನ, ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಕೋರಮ್ಮ ಎಂಬ ಮುದುಕಿ, ಮಕ್ಕಳಿಗೆ ನಾನು ಅದನ್ನು ಹೇಳುವುದನ್ನು ಕೇಳಿಸಿಕೊಂಡು, ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಬಂದರು. “ಯಾರೂ ಹಾರ್ಕಂಡಿಲ್ಲ ಮೇಷ್ಟ್ರೇ. ಗೊತ್ತಿಲ್ದೆ ಇದ್ರೆ ಸುಮ್ಕಿರಿ,” ಎಂದರು. ಅವರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಕಾಡು ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಸೋಲಿಗರ ಊರಾದ ಪೋಡು ಈಗಿನಂತೆ ಬುಡದಲ್ಲಿರಲಿಲ್ಲ, ಗುಡ್ಡದ ಮೇಲೆಯೇ ಇತ್ತು. ಅಲ್ಲಿ ಕ್ಯಾತನೆಂಬುವನಿದ್ದ. ಆನೆಯ ಹೆಜ್ಜೆ ನೋಡುವುದರಲ್ಲಿ ಅವನನ್ನು ಮೀರಿಸುವವರು ಸೋಲಿಗರ ಏಳು ಕುಲದಲ್ಲೂ ಇರಲಿಲ್ಲ ಎನ್ನುತ್ತಾರೆ. ಲದ್ದಿಯನ್ನು ಮುಟ್ಟಿ, ಆನೆ ಯಾವ ಹಳ್ಳದ ನೀರು ಕುಡಿದು ಬಂದಿದೆ, ಹೊಟ್ಟೆಯಲ್ಲಿ ಮರಿಯಿದೆಯೇ ಎಂಬುದನ್ನು ಹೇಳುತ್ತಿದ್ದನಂತೆ. ಅದೇ ಅವನಿಗೆ ಮುಳುವಾಯಿತು. ಪಾಳೆಯಗಾರ ಮೇಲಿನ ದೊರೆಗೆ ಕಪ್ಪವಾಗಿ ಆನೆಗಳನ್ನು ಒಪ್ಪಿಸಬೇಕಾಗಿತ್ತು. ಅವನ ಪಾರುಪತ್ಯಗಾರ ಆಳುಗಳೊಡನೆ ಬಂದು ಪೋಡಿನ ಗಂಡಸರನ್ನೆಲ್ಲ ಹಿಡಿದು ಆನೆಗುಂಡಿ ತೋಡಿಸಿದ. ಎಲ್ಲಿ ತೋಡಬೇಕೆಂದು ತೋರಿಸುವ ಕೆಲಸ ಕ್ಯಾತನದು. ಒಲ್ಲೆನೆಂದದ್ದಕ್ಕೆ ಅವನ ತಮ್ಮ ಸಣ್ಣಮಾದನ ಕುತ್ತಿಗೆಗೆ ಕತ್ತಿಯಿಟ್ಟರು. ಕ್ಯಾತ ಆನೆಗಳು ತಲೆತಲಾಂತರದಿಂದ ನಡೆದ ದಾರಿಯಲ್ಲಿ ಹದಿನಾಲ್ಕು ಕಡೆ ಕೋಲು ಊರಿ ತೋರಿಸಿದ. ಹದಿನಾಲ್ಕು ಗುಂಡಿಗಳಾದವು. ಮೇಲೆ ಬಿದಿರು ಹಾಸಿ, ಸೊಪ್ಪು ಹರಡಿ, ಒಂದೊಂದರ ಬಳಿ ಒಬ್ಬೊಬ್ಬನನ್ನು ಕಾವಲಿಗೆ ನಿಲ್ಲಿಸಿದರು. ತಮ್ಮನಿಗೆ ಹೆದರಿಕೆಯಾದೀತೆಂದು, ಆನೆ ಬರುವ ಸಂಭವ ಕಡಿಮೆಯೆಂದು ತನಗೆ ತೋರಿದ ಒಂಬತ್ತನೆಯ ಗುಂಡಿಗೆ ಕ್ಯಾತನೇ ಅವನನ್ನು ಕಳಿಸಿದ.

ಆನೆಗಳು ಅಲ್ಲಿಗೇ ಬಂದವು. ಮರಿಯೊಂದು ಗುಂಡಿಗೆ ಬಿತ್ತು. ತಾಯಿ ಮರಿಯನ್ನು ಎತ್ತಲಾರದೆ ತಿರುಗಿ ಸಣ್ಣಮಾದನನ್ನು ಹಿಡಿದು ನೆಲಕ್ಕೆ ಹಾಕಿತು. ಆನೆಗಳ ದಾರಿ ನೋಡಲು ಹತ್ತಿದ್ದ ಕ್ಯಾತ ಪಕ್ಕದ ಮರದಲ್ಲಿದ್ದ. ಮೂರು ದಿನ ಆ ಆನೆ ಗುಂಡಿಯ ಬಾಯಿ ಬಿಟ್ಟು ಕದಲಲಿಲ್ಲ. ಮೂರು ದಿನ ಕ್ಯಾತ ಮರದಿಂದ ಇಳಿಯಲಾರದೆ, ಕೆಳಗೆ ತಮ್ಮನ ಹೆಣವನ್ನು ನೋಡುತ್ತ, ಗುಂಡಿಯೊಳಗಿನ ಮರಿಯ ಕೂಗನ್ನು ಕೇಳುತ್ತ ಕುಳಿತಿದ್ದ. ನಾಲ್ಕನೆಯ ದಿನ ಪಾರುಪತ್ಯಗಾರನ ಆಳುಗಳು ತಮಟೆ ಬಡಿದು ತಾಯಿಯನ್ನು ಓಡಿಸಿ, ಮರಿಯನ್ನು ಹಗ್ಗ ಹಾಕಿ ಎಳೆದೊಯ್ದರು. ಸಣ್ಣಮಾದನನ್ನು ಅದೇ ಗುಂಡಿಗೆ ಉರುಳಿಸಿ ಮೇಲೆ ನಾಲ್ಕು ಬಿದಿರು ಎಳೆದರು. ಮಣ್ಣು ಕೊಡುವುದಕ್ಕಾಗಲಿ ಕುಲದವರು ಹಾಡುವುದಕ್ಕಾಗಲಿ ಅಪ್ಪಣೆ ಸಿಗಲಿಲ್ಲ.

ಪೋಡಿಗೆ ಮರಳಿದ ಕ್ಯಾತ ಮಾತಾಡಲಿಲ್ಲ. ಹೆಂಡತಿ ಜಡೆಯವ್ವ ಇಟ್ಟ ಹಿಟ್ಟನ್ನು ಮುಟ್ಟಲಿಲ್ಲ. ಎಲ್ಲಿ ಒಂದು ತಗ್ಗು ಕಂಡರೂ ಕೈಯಿಂದ ಮಣ್ಣು ಬಾಚಿ ಬಾಚಿ ಮುಚ್ಚುತ್ತಿದ್ದ. ಹೆಂಗಸರು ರಾಗಿ ಕುಟ್ಟುವ ಒರಳನ್ನು ಮುಚ್ಚಿದ, ಒಲೆಗುಣಿಯನ್ನು ಮುಚ್ಚಿದ, ನೀರಿಗೆ ತೋಡಿದ ಒರತೆಯನ್ನೂ ಮುಚ್ಚಿದ. ಎಂಟು ವರ್ಷದ ಮಗಳು ಹೊನ್ನಿ ಮಣ್ಣಲ್ಲಿ ಕುಣಿ ಮಾಡಿ ಆಡುತ್ತಿದ್ದರೆ ಅವಳ ಕೈ ಒಳಗಿದ್ದಂತೆಯೇ ಮಣ್ಣು ಹಾಕುತ್ತಿದ್ದ. ಜಡೆಯವ್ವ ದಿಕ್ಕು ತೋಚದೆ ಅವನನ್ನು ಬಯಲುಸೀಮೆಗೆ ಕರೆದೊಯ್ದು ಮಂತ್ರವಾದಿಗೆ ತೋರಿಸಿದಳು. ಆತ ಬೇವಿನ ಬರಲಿನಿಂದ ಹೊಡೆದ, ಹಣೆಗೆ ಬರೆ ಹಾಕಿದ, ಕಡೆಗೆ ಕಂಬಕ್ಕೆ ಕಟ್ಟಿ ಇಲ್ಲೇ ಬಿಟ್ಟುಹೋಗು ಎಂದ. ಜಡೆಯವ್ವ ಬಿಟ್ಟುಬರಲಿಲ್ಲ. ಗಂಡನನ್ನು ಬೆನ್ನಿಗೆ ಆನಿಸಿಕೊಂಡು ಗುಡ್ಡ ಹತ್ತಿದಳು.

ಆಗ ಪೋಡಿಗೆ ಹಿರಿಯಳಾಗಿದ್ದವಳು ಬೇದವ್ವ. ಅವಳು ಬಂದು ಕ್ಯಾತನ ಹಣೆಯ ಬರೆಗೆ ಜೇನು ಸವರಿ, ಅವನ ಪಕ್ಕದಲ್ಲೇ ಕುಳಿತಳು. ಏನೂ ಕೇಳಲಿಲ್ಲ. ಮಾರನೆಯ ದಿನ ಇನ್ನೊಂದು ಕುಲದವರು ಬಂದು ಕುಳಿತರು, ಅದರ ಮಾರನೆಯ ದಿನ ಮತ್ತೊಂದು ಕುಲದವರು. ಕುಳಿತವರು ಬುಟ್ಟಿ ಹೆಣೆಯುತ್ತಿದ್ದರು, ಗೆಣಸು ಸುಲಿಯುತ್ತಿದ್ದರು, ಯಾವ ಮರದಲ್ಲಿ ಜೇನು ಕಟ್ಟಿದೆ, ಯಾರ ಮಗು ನಡೆಯಲು ಕಲಿತಿದೆ ಎಂದು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಒಂದು ಮಳೆಗಾಲ ಪೂರ್ತಿ ಕ್ಯಾತ ಒಬ್ಬನೇ ಕುಳಿತ ಹೊತ್ತು ಇರಲಿಲ್ಲ ಎನ್ನುತ್ತಾರೆ. ಅವನು ಅನ್ನ ಮುಟ್ಟಿದ, ನಿದ್ದೆ ಮಾಡಿದ, ಆದರೆ ತಗ್ಗು ಮುಚ್ಚುವುದು ಮಾತ್ರ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಬೇದವ್ವ ಎದ್ದು ನಿಂತು, “ಇವ ಮುಚ್ತಾ ಇರೋದು ಒರಳಲ್ಲ. ಮುಚ್ಬೇಕಾದ್ದು ಎಲ್ಲೈತೆ ಅಂತ ನಮಗೆಲ್ರಿಗೂ ಗೊತ್ತು. ನಾವೇ ಅಂಜ್ಕಂಡು ಕುಂತಿದೀವಿ,” ಎಂದಳು.

ಗುಂಡಿ ಮುಟ್ಟಿದವರ ಕೈ ಕಡಿಸುವುದಾಗಿ ಪಾಳೆಯಗಾರ ಡಂಗುರ ಹೊಡೆಸಿದ್ದ. ಆದರೂ ಪೋಡೆಲ್ಲ ಹೊರಟಿತು. ಒಂದೊಂದು ಕುಲದವರು ತಮ್ಮ ತಮ್ಮ ದೇವರ ತಾವಿನಿಂದ ಒಂದೊಂದು ಬುಟ್ಟಿ ಮಣ್ಣು ಹೊತ್ತರು. ಕ್ಯಾತನನ್ನು ಮುಂದೆ ಬಿಟ್ಟುಕೊಂಡು ಒಂದನೆಯ ಗುಂಡಿಯಿಂದ ಮುಚ್ಚುತ್ತ ನಡೆದರು. ಒಂಬತ್ತನೆಯದರ ಬಳಿ ಬಂದಾಗ ಕ್ಯಾತ ನಿಂತುಬಿಟ್ಟ. ಬೇದವ್ವ ಕೆಳಗಿಳಿದು, ಸಣ್ಣಮಾದನ ಉಳಿದಿದ್ದ ಎಲುಬುಗಳನ್ನು ತನ್ನ ಸೆರಗಿನಲ್ಲಿ ಕೂಡಿಸಿ, ಅವನನ್ನು ಹೆಸರು ಹಿಡಿದು ಕರೆದಳು. ತಪ್ಪಿಹೋಗಿದ್ದ ಸಾವಿನ ಹಾಡನ್ನು ಕುಲದವರು ಅಲ್ಲಿ ಹಾಡಿದರು. ಹಾಡು ಮುಗಿಯುವ ಮೊದಲೇ ಕ್ಯಾತ ಬಿದ್ದುಕೊಂಡು ಅಳತೊಡಗಿದ. ಅತ್ತು ಅತ್ತು ಕಡೆಗೆ, “ಕೋಲು ಊರಿದ್ದು ನಾನು,” ಎಂದ. ತಿಂಗಳುಗಳ ಮೇಲೆ ಅವನಾಡಿದ ಮೊದಲ ಮಾತು ಅದು. “ಹೂಂ, ನೀನೇ. ತೋಡಿದ್ದು ನಾವೆಲ್ಲ,” ಎಂದಳು ಬೇದವ್ವ. ಉಳಿದ ಐದು ಗುಂಡಿಗಳನ್ನು ಅವನು ಎಲ್ಲರೊಡನೆ ಮಾತಾಡುತ್ತ ಮುಚ್ಚಿದನಂತೆ. ಆಮೇಲೆ ಯಾವ ಒರಳಿಗೂ ಮಣ್ಣು ಹಾಕಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಗುಡ್ಡಕ್ಕೆ ಬೇರೆ ಹೆಸರು ಬರುತ್ತಿತ್ತೇನೋ. ಆದರೆ ತಿಂಗಳೊಳಗೆ ಸುದ್ದಿ ಅರಮನೆ ಮುಟ್ಟಿತು. ಪಾರುಪತ್ಯಗಾರ ಬರುತ್ತಿದ್ದಾನೆಂದು ತಿಳಿದ ದಿನ ಪೋಡಿನವರು ಕೂಡಿ ಕುಳಿತರು. ನಿಜ ಹೇಳಿದರೆ ಎಲ್ಲರ ಕೈ ಹೋಗುತ್ತದೆ, ಗುಣವಾಗಿರುವ ಕ್ಯಾತನನ್ನು ಮತ್ತೆ ಆನೆಯ ಹೆಜ್ಜೆ ನೋಡಲು ಎಳೆದೊಯ್ಯುತ್ತಾರೆ. ಕಡೆಗೆ ಕ್ಯಾತನೇ, “ಮರುಳ ಮುಚ್ದ ಅನ್ನಿ,” ಎಂದ.

ಪಾರುಪತ್ಯಗಾರ ಬಂದಾಗ ಕ್ಯಾತ ಬಂಡೆಯ ಪಕ್ಕ ಕುಳಿತು ತಗ್ಗಿಗೆ ಮಣ್ಣು ಬಾಚುತ್ತಿದ್ದ.

“ಹದಿನಾಲ್ಕು ಗುಂಡಿಯನ್ನೂ ಇವನೊಬ್ಬನೇ ಮುಚ್ಚಿದನೋ?” ಎಂದು ಪಾರುಪತ್ಯಗಾರ ಕೇಳಿದ.

“ಮರುಳಂಗೆ ದಣಿವೈತಾ ಸ್ವಾಮಿ,” ಎಂದಳು ಬೇದವ್ವ.

ಅವನು ನಂಬಲಿಲ್ಲ. ಸುತ್ತ ನೋಡಿ, ತಾಯಿಯ ಸೆರಗು ಹಿಡಿದು ನಿಂತಿದ್ದ ಹೊನ್ನಿಯ ತೋಳು ಹಿಡಿದ. “ಮರುಳನಿಗೆ ಮಗಳೇಕೆ? ಅರಮನೆಯ ಕೊಟ್ಟಿಗೆ ಬಳಿಯಲು ಆಗುತ್ತಾಳೆ,” ಎಂದು ಅವಳನ್ನು ಎಳೆದುಕೊಂಡು ಇಳಿಯತೊಡಗಿದ. ಇಬ್ಬರು ಆಳುಗಳು ಕ್ಯಾತನ ಎದುರಿಗೆ ಅವನ ಮುಖವನ್ನೇ ನೋಡುತ್ತ ನಿಂತರು. ಹೊನ್ನಿ “ಅಪ್ಪಾ, ಅಪ್ಪಾ” ಎಂದು ಕೂಗಿದಳು. ಜಡೆಯವ್ವ ಎದೆ ಬಡಿದುಕೊಂಡು ಹಿಂದೆ ಓಡಿದಳು, ಅವಳನ್ನು ದಾರಿಯಲ್ಲೇ ತಳ್ಳಿ ಕೆಡವಿದರು. ಕ್ಯಾತ ತಲೆಯೆತ್ತಲಿಲ್ಲ. ಮಣ್ಣು ಬಾಚಿದ, ಹಾಕಿದ, ಮತ್ತೆ ಬಾಚಿದ. ಮಗಳ ದನಿ ತಿರುವು ದಾಟಿ, ಬಿದಿರುಮೆಳೆ ದಾಟಿ, ಕಡೆಗೆ ಕೇಳಿಸದಾಯಿತು. ಆಳುಗಳು ನೆರಳು ಎರಡು ಮಾರು ಸರಿಯುವ ತನಕ ಅವನನ್ನು ಕಾದು, “ನಿಜವಾಗಿ ಮರುಳ,” ಎಂದು ಹೇಳಿಕೊಂಡು ಇಳಿದುಹೋದರು. ಅವರು ಹೋದ ಮೇಲೆ ನೋಡಿದರೆ ಅವನ ಬೆರಳುಗಳಲ್ಲಿ ಒಂದು ಉಗುರೂ ನೆಟ್ಟಗೆ ಉಳಿದಿರಲಿಲ್ಲ ಎನ್ನುತ್ತಾರೆ.

ಪಾರುಪತ್ಯಗಾರನಿಗೆ ಬೇಕಾಗಿದ್ದುದು ಪರೀಕ್ಷೆ ಮಾತ್ರ. ಮಗುವನ್ನು ಹಳ್ಳದ ಬಳಿ ಬಿಟ್ಟುಹೋದ. ಹೊನ್ನಿ ಒಬ್ಬಳೇ ಗುಡ್ಡ ಹತ್ತಿ ಸಂಜೆಗೆ ಮುಂಚೆ ಪೋಡು ಸೇರಿದಳು. ಕ್ಯಾತ ಓಡಿಹೋಗಿ ಅವಳನ್ನು ಎತ್ತಿಕೊಳ್ಳಲು ಕೈ ಚಾಚಿದ. “ಮಗಾ, ನಾನು ಎದ್ದಿದ್ರೆ…” ಎಂದು ಹೇಳಹೊರಟವನನ್ನು ನೋಡಿ ಆ ಹುಡುಗಿ, “ನೀನು ಮರುಳ. ಮರುಳ್ರು ಮಾತಾಡಲ್ಲ,” ಎಂದು ಹಿಂದಕ್ಕೆ ಸರಿದಳು.

ಅವಳ ಪಕ್ಕದಲ್ಲೂ ಪೋಡು ಕುಳಿತಿತು. ಅಪ್ಪನ ಬಳಿ ಕುಳಿತ ಹಾಗೆಯೇ ಏಳು ಕುಲದವರು ಸರದಿಯಲ್ಲಿ ಬಂದರು, ಬುಟ್ಟಿ ಹೆಣೆದರು, ಗೆಣಸು ಸುಲಿದುಕೊಟ್ಟರು, ಹಾಡಿದರು. ಇದನ್ನು ಹೇಳುವಾಗ ಕೋರಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದರು. ಆಮೇಲೆ, “ಅವಳಿಗೆ ಅದು ಹಿಡೀಲಿಲ್ಲ ಮೇಷ್ಟ್ರೇ. ಹೆಂಗೆ ಹಿಡಿದಾತು? ಸುತ್ತ ಕುಂತಿದ್ದವರ ಕೈ ಉಳೀಲಿ ಅಂತಾನೇ ಅಲ್ವಾ ಅವಳನ್ನ ಬಿಟ್ಟುಕೊಟ್ಟಿದ್ದು? ಆ ಕೈಗಳೇ ಅವಳ ತಲೆ ಸವರಾಕೆ ಬಂದ್ವು,” ಎಂದರು. ದೊಡ್ಡವಳಾದ ಮೇಲೆ ಹೊನ್ನಿ ದೂರದ ಪೋಡೊಂದಕ್ಕೆ ಮದುವೆಯಾಗಿ ಹೋದಳು, ಅಪ್ಪ ಬದುಕಿರುವ ತನಕ ತವರಿಗೆ ತಿರುಗಿ ಬರಲಿಲ್ಲ.

ಕ್ಯಾತ ಇನ್ನೂ ಇಪ್ಪತ್ತೇಳು ವರ್ಷ ಬದುಕಿದ್ದ. ತನ್ನವರ ನಡುವೆ ನಕ್ಕು ಮಾತಾಡಿಕೊಂಡಿರುತ್ತಿದ್ದ, ಜೇನು ಕೀಳುತ್ತಿದ್ದ, ಕುಣಿತದಲ್ಲಿ ಮೊದಲ ಹೆಜ್ಜೆ ಅವನದೇ. ಆದರೆ ಕೆಳಗಿನಿಂದ ಯಾರಾದರೂ ಹತ್ತಿಬರುವ ಸದ್ದಾದರೆ ಒಬ್ಬರು ಹಕ್ಕಿಯಂತೆ ಸಿಳ್ಳು ಹಾಕುತ್ತಿದ್ದರು. ಕೂಡಲೇ ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು, ನೆಲಕ್ಕೆ ಕುಕ್ಕರಿಸಿ ಮಣ್ಣು ಬಾಚಬೇಕಾಗಿತ್ತು. ಸಂತೆಗೆ ಇಳಿದ ಹೆಂಗಸರು ಎಲ್ಲಿಯವರೆಂದು ಯಾರಾದರೂ ಕೇಳಿದರೆ ಬೇಕೆಂದೇ, ಅರಮನೆಯ ಕಿವಿಗೂ ಬೀಳಲೆಂದು, “ಮರುಳನ ಗುಡ್ಡದೋರು” ಎನ್ನುತ್ತಿದ್ದರು. ಹೆಸರು ಹಾಗೆ ಬಂತು. ಹೊರಗಿನವರು ಅಪಹಾಸ್ಯಕ್ಕೆ ಇಟ್ಟದ್ದಲ್ಲ, ಅವನನ್ನು ಗುಣಪಡಿಸಿದವರೇ ಇಟ್ಟದ್ದು. ಅದಕ್ಕೆ ಮುಂಚೆ ಗುಡ್ಡವನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದೆ. ಯಾರಿಗೂ ನೆನಪಿಲ್ಲ.

ಕ್ಯಾತ ಸತ್ತ ಸುದ್ದಿ ಕೇಳಿ ಹೊನ್ನಿ ಬಂದಳು. ಆಗ ಅವಳ ತಲೆಯಲ್ಲಿ ಬಿಳಿಕೂದಲು ಕಾಣುತ್ತಿತ್ತಂತೆ. ಮಣ್ಣು ಕೊಟ್ಟ ಮೇಲೆ ಅವಳು ಕುಲದವರ ಮುಂದೆ ಆಡಿದ ಮಾತನ್ನು ಇಂದಿಗೂ ಅವಳ ಸಂತತಿಯವರು ಹೇಳುತ್ತಾರೆ, ಕೋರಮ್ಮನೂ ಅದೇ ಸಂತತಿ. “ಅಪ್ಪ ಯಾಕೆ ಏಳ್ಲಿಲ್ಲ ಅಂತ ನಂಗೆ ಗೊತ್ತು. ನಾನು ತಾಯಾದ ದಿನವೇ ಗೊತ್ತಾಯ್ತು. ಆದ್ರೂ ಆ ತಿರುವಿನವರೆಗೂ ನಾನು ತಿರುಗಿ ತಿರುಗಿ ನೋಡ್ತಿದ್ದೆ. ಒಂದ್ಸಲ ಕಣ್ಣಾದ್ರೂ ಎತ್ಬೇಕಿತ್ತು ಅವ್ನು.” ಇಷ್ಟು ಹೇಳಿ ಹೊನ್ನಿ ಅದೇ ದಿನ ಇಳಿದುಹೋದಳು.

ಪಾಳೆಯಗಾರರು ಹೋದರು. ಆಮೇಲೆ ಭೂಮಿ ಅಳೆಯುವವರು ಬಂದು ಹೆಸರು ಕೇಳಿದರು. ಅಷ್ಟು ಹೊತ್ತಿಗೆ ಪೋಡಿನವರಿಗೆ, ಕಾಗದ ಹಿಡಿದು ಬಂದ ಯಾರ ಮುಂದೆಯೂ ನಿಜ ಹೇಳಬಾರದೆಂಬುದು ರೂಢಿಯಾಗಿಹೋಗಿತ್ತು. ಮರುಳನ ಗುಡ್ಡ ಎಂದರು, ಅವರು ಬರೆದುಕೊಂಡರು. ಬಹಳ ಕಾಲದ ಮೇಲೆ, ನಮ್ಮದೇ ಕಾಲದಲ್ಲಿ, ಪ್ರಾಣಿಗಳಿಗೆ ತೊಂದರೆಯಾಗುತ್ತದೆಂದು ಅರಣ್ಯ ಇಲಾಖೆಯವರು ಪೋಡನ್ನೇ ಗುಡ್ಡದಿಂದ ಇಳಿಸಿ ಬುಡದಲ್ಲಿ ಸಾಲುಮನೆ ಕಟ್ಟಿಕೊಟ್ಟರು. ಆ ಸಾಲುಮನೆಗಳಲ್ಲಿ ಮೊದಲ ಮೂರು ವರ್ಷದಲ್ಲಿ ನೇಣು ಹಾಕಿಕೊಂಡವರು ಐವರು. ಅವರಲ್ಲಿ ಇಬ್ಬರು ನನ್ನ ಶಾಲೆಯಲ್ಲಿ ಓದಿದವರು.

ಈಗಲೂ ಗುಡ್ಡಕ್ಕೆ ಹೋದವರು, ಅದೃಷ್ಟವಿದ್ದರೆ, ತಿಂಗಳಲ್ಲಿ ಒಂದೆರಡು ದಿನ ಒಂದು ನೋಟವನ್ನು ಕಾಣಬಹುದು. ಬಂಡೆಯ ಹಿಂಬದಿಯ ಹುಲ್ಲಿನಲ್ಲಿ ಏಳೆಂಟು ಮಂದಿ ಸೋಲಿಗರು ಸುತ್ತ ಕುಳಿತಿರುತ್ತಾರೆ. ನಡುವೆ ಒಬ್ಬ ಹೆಂಗಸೋ ಗಂಡಸೋ ಮುಖ ತಗ್ಗಿಸಿಕೊಂಡು ಕುಳಿತಿರುತ್ತಾರೆ. ಯಾರೂ ಅವರನ್ನು ಏನೂ ಕೇಳುವುದಿಲ್ಲ. ಅವರು ಇಲಾಖೆಯ ಕಾವಲಿನವರಿಂದ ಚೀಟಿ ಬರೆಸಿಕೊಂಡು, ಬೆಳಿಗ್ಗೆ ಹತ್ತಕ್ಕೆ ಹತ್ತಿ ನಾಲ್ಕಕ್ಕೆ ಇಳಿದುಬಿಡಬೇಕು. ಹಾಡಬಾರದು, ಬೆಂಕಿ ಹಚ್ಚಬಾರದು. ಹಿಂದಿನ ವರ್ಷ ನಾನು ಹೋದಾಗ ನಡುವೆ ಕುಳಿತಿದ್ದವಳು, ನೇಣು ಹಾಕಿಕೊಂಡ ನನ್ನ ವಿದ್ಯಾರ್ಥಿಯೊಬ್ಬನ ತಾಯಿ. ಜೀಪಿನಿಂದಿಳಿದ ಒಬ್ಬಾಕೆ ಹತ್ತಿರ ಬಂದು, ಇದೇನು ಹಬ್ಬವೇ ಎಂದು ಕೇಳಿದಳು. ಗೆಣಸು ಸುಲಿಯುತ್ತಿದ್ದ ಮುದುಕನೊಬ್ಬ ತಲೆಯೆತ್ತದೆ, “ಏನಿಲ್ಲ ಕಣವ್ವ, ಸುಮ್ನೆ ಕುಂತಿದೀವಿ,” ಎಂದ. ನಾಲ್ಕು ಗಂಟೆಗೆ ಕಾವಲುಗಾರ ಸೀಟಿ ಊದಿದ. ಅವಳಿನ್ನೂ ಒಂದು ಮಾತೂ ಆಡಿರಲಿಲ್ಲ. ಅವಳನ್ನು ಇಬ್ಬರು ತೋಳು ಹಿಡಿದು ಎಬ್ಬಿಸಿ, ನಿಧಾನವಾಗಿ ಕೆಳಗೆ ಇಳಿಸಿದರು.