ಕುದುರೆಯ ಬಾಯಲ್ಲಿ ಖಾಲಿ ಜಾಗ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೂ ಬರುತ್ತಿತ್ತು. ಕುದುರೆಗೆ ಬಾಯಿ ತುಂಬ ಹಲ್ಲು, ನಡುವೆ ಒಂದೂ ಸಂದಿಯಿಲ್ಲ.

ಹುಲ್ಲುಬಯಲಿನಲ್ಲಿ ದೇಮವ್ವ ಎಂಬ ದನಗಾಹಿ ಇದ್ದಳು. ಅವಳ ದೊಡ್ಡಿ ತುಂಬ ಹಸುಗಳು. ಅದರಲ್ಲಿ ಕೆಂದಿ ಎಂಬ ಹಸು ಕರು ಹಾಕಿ ನಾಲ್ಕೇ ದಿನವಾಗಿತ್ತು.

ಒಂದು ಬೆಳಿಗ್ಗೆ ಹೊಳೆಯಾಚೆಯವರು ಕುದುರೆ ಹತ್ತಿ ಬಂದರು. ಕುದುರೆಯ ಬೆನ್ನ ಮೇಲೆ ಮನುಷ್ಯ ಕೂತದ್ದನ್ನು ಬಯಲಿನವರು ಕಂಡದ್ದೇ ಅವತ್ತು. ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತರು. ಅವರು ಬಾಯಿ ಮುಚ್ಚುವುದರೊಳಗೆ ಹೊಳೆಯಾಚೆಯವರು ದನವನ್ನೆಲ್ಲ ಹೊಡೆದುಕೊಂಡು ಹೋಗಿದ್ದರು.

ದೊಡ್ಡಿಯಲ್ಲಿ ಉಳಿದದ್ದು ಕೆಂದಿಯ ಕರು ಮಾತ್ರ. ಅಂಬಾ ಎಂದು ಕೂಗಿತು. ಮತ್ತೆ ಕೂಗಿತು. ಸಂಜೆಯೊಳಗೆ ತಾಯಿ ಬಾರದಿದ್ದರೆ ಅದು ಬದುಕುವುದಿಲ್ಲವೆಂದು ದೇಮವ್ವನಿಗೆ ಗೊತ್ತಿತ್ತು.

ಆ ಕೂಗಿಗೆ ಬೂದುಬಣ್ಣದ ಹೆಣ್ಣು ಕುದುರೆಯೊಂದು ಬೇಲಿಯ ಹತ್ತಿರ ಬಂದು ನಿಂತಿತು. ಹೋದ ಚಳಿಗಾಲದಲ್ಲಿ ತೋಳ ಅದರ ಮರಿಯನ್ನು ಹಿಡಿದು ತಿಂದಿತ್ತು.

"ನನ್ನ ಮರೀನೂ ಹಿಂಗೇ ಕೂಗ್ತಿತ್ತು," ಎಂದಿತು ಕುದುರೆ. "ಹತ್ತವ್ವ, ಹೋಗಿ ಕರ್ಕೊಂಡು ಬರೋಣು."

ದೇಮವ್ವ ದನದ ಜೊತೆ ಬೆಳೆದವಳು. ಅವಳಿಗೆ ಗೊತ್ತಿದ್ದುದು ಮೂಗುದಾರ ಒಂದೇ. ಎತ್ತಿಗೆ ಮಾಡಿದ ಹಾಗೆ ಕುದುರೆಯ ಮೂಗಿಗೂ ಪುಂಡಿನಾರಿನ ಹಗ್ಗ ಬಿಗಿದಳು. ಹತ್ತು ಮಾರು ಓಡುವುದರೊಳಗೆ ಕುದುರೆಗೆ ಉಸಿರು ಕಟ್ಟಿತು, ದೇಮವ್ವ ಮುಳ್ಳುಕಂಟಿಯಲ್ಲಿ ಬಿದ್ದಿದ್ದಳು.

"ನನ್ನ ಓಟ ಇರೋದೇ ಮೂಗಿನಾಗ," ಎಂದಿತು ಕುದುರೆ. "ಅದನ್ನೇ ಕಟ್ಟಿದ್ರ ಹೆಂಗವ್ವ? ಬಾಯಿಗೆ ಹಾಕು."

ಬಾಯಿಗೆ ಹಾಕಿದಳು. ಓಡುವ ಭರದಲ್ಲಿ ಕುದುರೆ ಹಲ್ಲು ಕಚ್ಚಿತು, ಹಗ್ಗ ತುಂಡಾಯಿತು. ಇನ್ನೊಂದು ಹಾಕಿದಳು. ಅದೂ ತುಂಡಾಯಿತು. ಅಷ್ಟರಲ್ಲಿ ಕರುವಿನ ದನಿ ಕುಗ್ಗಿತ್ತು.

"ಹಗ್ಗ ಯಾಕ ಬೇಕು?" ಎಂದಿತು ಗಾಳಿ. "ಹೊಳೆಯಾಚೆಯವರು ಜೂಲು ಹಿಡ್ಕೊಂಡೇ ಹೋದರು. ನೆಟ್ಟಗೆ ಓಡ್ತಾರ, ತಿರುಗೋದು ಮಾತ್ರ ಬರಂಗಿಲ್ಲ."

"ನಾನೇ ತಿರುಗಲಿಲ್ಲ ಅಂದ್ರ ದನ ಹೆಂಗ ತಿರುಗಸ್ಲಿ?" ಎಂದಳು ದೇಮವ್ವ.

ಕುದುರೆ ಹೊಳೆಗೆ ಇಳಿಯಿತು. "ಹೊಳೆಯವ್ವ, ನಿನ್ನ ಬಂಡೆ ಕೊಡು. ಬಾಯಿಯ ಎರಡೂ ಬದಿ ಹಲ್ಲು ಮುರ್ಕೊಳ್ತೀನಿ."

"ಹೋದ ಹಲ್ಲು ಮತ್ತ ಬರಂಗಿಲ್ಲ," ಎಂದಿತು ಹೊಳೆ.

"ಹೋದ ಮರೀನೂ ಬರ್ಲಿಲ್ಲ," ಎಂದಿತು ಕುದುರೆ.

ನೀರು ಕೆಂಪಾಯಿತು. ದೇಮವ್ವ ಅಳುತ್ತಲೇ ಕುದುರೆಯ ಬಾಯಿ ಒರೆಸಿದಳು. ಹಲ್ಲಿಲ್ಲದ ಸಂದಿಯಲ್ಲಿ ಮೆತ್ತಗೆ ಹಗ್ಗವಿಟ್ಟಳು. ಹಗ್ಗ ಅಲ್ಲೇ ಕೂತಿತು.

ಆಮೇಲಿನ ಓಟವನ್ನು ಏನೆಂದು ಹೇಳಲಿ! ಒಂಚೂರು ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ದನದ ಹಿಂಡನ್ನು ಸುತ್ತುಹಾಕಿ ಎದುರಿಗೇ ಹೋಗಿ ನಿಂತರು. ದನ ಮನೆಯ ಕಡೆ ತಿರುಗಿತು. ಹೊಳೆಯಾಚೆಯವರು ಜೂಲು ಜಗ್ಗಿದರು, ಕಿವಿ ಜಗ್ಗಿದರು. ಅವರ ಕುದುರೆಗಳು ನೆಟ್ಟಗೆ ಓಡಿ ಗುಡ್ಡದಾಚೆ ಮರೆಯಾದವು.

ಹೊತ್ತು ಮುಳುಗುವ ಮೊದಲೇ ಕೆಂದಿ ದೊಡ್ಡಿಗೆ ಬಂತು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಬೂದು ಕುದುರೆ ನಿಂತು ನೋಡಿತು, ಕರು ಕುಡಿದು ಮುಗಿಸುವವರೆಗೂ ನೋಡಿತು.

ಹೊಳೆಯಾಚೆಯವರು ಮೊದಲು ಬೈದರು, ಆಮೇಲೆ ಕಲಿಯಲು ಬಂದರು. ಅವರ ಕುದುರೆಗಳೂ ಬಂಡೆಯ ಹತ್ತಿರ ಹೋದವು. ವಿದ್ಯೆ ಬಯಲಿಂದ ಬಯಲಿಗೆ ಹೋಯಿತು. ನಾರಿನ ಹಗ್ಗ ಹೋಗಿ ಕಬ್ಬಿಣದ ಲಗಾಮು ಬಂತು. ನಾಲ್ಕು ದಿನದ ದಾರಿ ಒಂದು ದಿನದ್ದಾಯಿತು. ಕುದುರೆಯವರಿಗೆ ಹೆದರಿ ಊರುಗಳು ಕೋಟೆ ಕಟ್ಟಿಕೊಂಡವು, ಕೋಟೆ ಕಾಯುವವನು ದೊರೆಯಾದ. ಗೆದ್ದವರುಂಟು, ಅತ್ತವರೂ ಉಂಟು. ಯಾವ ದೊರೆ ಎಷ್ಟೇ ಮೆರೆದರೂ, ಅವನನ್ನು ಹೊತ್ತದ್ದು ಕುದುರೆಯೇ.

ಈಗಲೂ ಕುದುರೆ ಆಕಳಿಸುವಾಗ ನೋಡು ಮಗೂ: ಮುಂದೆ ಹಲ್ಲು, ಹಿಂದೆ ಹಲ್ಲು, ನಡುವೆ ಬರೀ ವಸಡು. ಲಗಾಮು ಕೂರುವುದು ಅಲ್ಲೇ, ಯಾರದೋ ಕರುವಿಗೆ ಹಾಲು ಸಿಗಲೆಂದು ಮರಿ ಕಳೆದುಕೊಂಡ ತಾಯಿಯೊಂದು ಬಿಟ್ಟುಕೊಟ್ಟ ಜಾಗದಲ್ಲಿ.